ಮಗುವನ್ನು ಬಲ್ಲ ಎರಡನೆಯವರು

(ಕೇರಳದ ಗಡಿನಾಡು ಕಾಸರಗೋಡಿನ ಬದಿಯಡ್ಕ ಸಮೀಪದ ಒಂದು ಗ್ರಂಥಾಲಯದ ಸಭೆಯಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಬರೆದದ್ದು)

ಎಲ್ಲರಿಗೂ ನಮಸ್ಕಾರ.

ನನಗಿಂತ ಮೊದಲು ಮಾತಾಡಿದವರು, ವಿಶೇಷ ಮಕ್ಕಳನ್ನು ಒಬ್ಬಳೇ ಸಾಕುವ ತಾಯಂದಿರನ್ನು ತಾಳ್ಮೆಯ ಮೂರ್ತಿ, ಭೂಮಿತಾಯಿ ಎಂದು ಹೊಗಳಿದರು. ಅವರ ಮಾತಿನಲ್ಲಿ ಪ್ರೀತಿ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಸಭೆಯನ್ನೊಮ್ಮೆ ನೋಡಿ. ನಮ್ಮ ಸುತ್ತಮುತ್ತ ಅಂಥ ತಾಯಂದಿರು ಎಷ್ಟೋ ಮಂದಿ ಇದ್ದಾರೆ, ಅವರಲ್ಲಿ ಒಬ್ಬರೂ ಇಲ್ಲಿಗೆ ಬಂದಿಲ್ಲ. ಎಲ್ಲರಿಗೂ ಹೇಳಿದ್ದೆವು. ಒಬ್ಬರು ಫೋನಿನಲ್ಲಿ ಅಂದರು, "ಟೀಚರೇ, ಬರಬೇಕೂಂತ ಆಸೆ ಇದೆ. ಇವನನ್ನು ಯಾರ ಹತ್ತಿರ ಬಿಡುವುದು?"

ನಾನು ಇವತ್ತು ಮಾತಾಡಬೇಕೆಂದಿರುವುದು ಆ ಪ್ರಶ್ನೆಯ ಬಗ್ಗೆ ಮಾತ್ರ. ಆ ಮಗು ಹೇಗೆ ಉಣ್ಣುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವ ಶಬ್ದ ಮಾಡಿದರೆ ಹೊಟ್ಟೆನೋವು, ಯಾವ ಶಬ್ದ ಮಾಡಿದರೆ ಖುಷಿ ಎಂಬುದೆಲ್ಲ ತಾಯಿಗೆ ಗೊತ್ತು. ಅವಳ ಹೊರತು ಇನ್ನೊಬ್ಬರಿಗೆ ಗೊತ್ತಿಲ್ಲ. ಹಾಗಾಗಿ ಅವಳಿಗೆ ಜ್ವರ ಬರುವಂತಿಲ್ಲ, ತವರಿನ ಮದುವೆಗೆ ಹೋಗುವಂತಿಲ್ಲ, ಸಾಯುವಂತೂ ಇಲ್ಲ. ಅಂಥ ಪ್ರತಿಯೊಂದು ಮಗುವನ್ನೂ ತಾಯಿಯಷ್ಟೇ ಬಲ್ಲ ಎರಡನೆಯವರೊಬ್ಬರು ಇರಬೇಕು. ಅವರನ್ನು ತಯಾರು ಮಾಡುವುದು ಊರಿನ ಕೆಲಸ. ಇದು ನನ್ನ ವಾದ.

ಈ ತಾಯಂದಿರು ಒಂಟಿಯಾದದ್ದು ಹೇಗೆ? ಕೆಲವರ ಗಂಡ ತೀರಿಕೊಂಡಿದ್ದಾರೆ. ಕೆಲವರ ಗಂಡ ಗಲ್ಫಿನಲ್ಲಿದ್ದಾರೆ, ಮೊದಲು ಪ್ರತಿ ತಿಂಗಳು ಬರುತ್ತಿದ್ದ ಹಣ ಆಮೇಲೆ ಅಪರೂಪವಾಗಿ, ಒಂದು ದಿನ ನಿಂತೇಹೋಗಿದೆ. ಇನ್ನು ಕೆಲವರನ್ನು ಪುತ್ತೂರು, ಸುಳ್ಯದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಮಗುವಿಗೆ ಎರಡು ವರ್ಷವಾದರೂ ಕುತ್ತಿಗೆ ನಿಲ್ಲದಾಗ, ಮೂರಾದರೂ ಮಾತು ಬಾರದಾಗ, ಗಂಡನ ಮನೆಯವರು "ಇದು ನಿಮ್ಮ ಕುಟುಂಬದ ದೋಷ" ಎಂದರು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರೆ ದೋಷ ನಾಗನ ಕಡೆಯಿಂದ ಬಂತು, ಅದೂ ತಾಯಿಯ ಕಡೆಯ ನಾಗ. ಹರಕೆ ಹೊರುವವರನ್ನು ನಾನು ಆಕ್ಷೇಪಿಸುವುದಿಲ್ಲ. ಮಧೂರಿಗೆ ಹೋಗಿ ಗಣಪತಿಯ ಎದುರು ಅರ್ಧ ಗಂಟೆ ಕೂತು ಬಂದರೆ ಮನಸ್ಸು ಹಗುರವಾಗುವುದಾದರೆ ಹೋಗಿಬರಲಿ. ಆದರೆ ದೋಷವನ್ನು ಹೆಣ್ಣಿನ ತಲೆಗೆ ಕಟ್ಟಿ, ಅವಳನ್ನೂ ಮಗುವನ್ನೂ ತವರಿಗೆ ಕಳಿಸಿ, ಆಮೇಲೆ ಆ ಕಡೆ ತಲೆ ಹಾಕದಿರುವುದು ಯಾವ ದೈವಕ್ಕೂ ಒಪ್ಪಿತವಾಗಲಾರದು.

ಇಲ್ಲಿ ಹಳೆಯ ಕಾಲದ ಒಂದು ವಿಷಯ ನೆನಪಾಗುತ್ತದೆ. ನಮ್ಮ ತುಳುನಾಡಿನ ಅನೇಕ ಸಮುದಾಯಗಳಲ್ಲಿ ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಪದ್ಧತಿ ಇತ್ತು. ಹೆಣ್ಣಿಗೂ ಅವಳ ಮಕ್ಕಳಿಗೂ ಕುಟುಂಬದ ಮನೆಯಲ್ಲಿ ಹಕ್ಕಿತ್ತು, ಮಕ್ಕಳಿಗೆ ತಾಯಿಯ ಅಣ್ಣತಮ್ಮಂದಿರೇ ಹಿರಿಯರು. ಗಂಡ ಬಿಟ್ಟರೆ ನಡುಬೀದಿ ಎಂಬ ಸ್ಥಿತಿ ಅಲ್ಲಿ ಇರಲಿಲ್ಲ. ಅದೇನೂ ಸ್ವರ್ಗವಾಗಿರಲಿಲ್ಲ. ಯಜಮಾನನ ದರ್ಬಾರು, ಪಾಲಿನ ಜಗಳ ಎಲ್ಲ ಇದ್ದವು, ಅದು ಮರಳಿ ಬರಲಿ ಎಂದು ನಾನು ಹೇಳುವುದೂ ಇಲ್ಲ. ಕೇರಳದಲ್ಲಿ 1975ರ ಕಾನೂನು ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡಿತು, ಆಸ್ತಿ ಪಾಲಾಯಿತು, ಹತ್ತು ಸೆಂಟ್ಸಿನ ಜಾಗದಲ್ಲಿ ಒಂದೊಂದು ಮನೆಯಾಯಿತು. ಆ ದೊಡ್ಡ ಚಾವಡಿಯಲ್ಲಿ ಅಜ್ಜಿ, ದೊಡ್ಡಮ್ಮ, ಸೋದರಮಾವ ಇರುತ್ತಿದ್ದರು. ನಡೆಯಲಾರದ ಮಗುವನ್ನು ಹೊತ್ತೊಯ್ದು ಅಂಗಳದಲ್ಲಿ ಕೂರಿಸಲು ಯಾರಾದರೊಬ್ಬರು ಸಿಗುತ್ತಿದ್ದರು. ಇಂದಿನ ತಾಯಿಗೆ ಇಲ್ಲದಿರುವುದು ಆ ಯಾರಾದರೊಬ್ಬರು.

ಅವಳ ಒಂದು ದಿನ ಹೇಗಿರುತ್ತದೆ ಎಂದು ಹೇಳುತ್ತೇನೆ. ನನಗೆ ಚೆನ್ನಾಗಿ ಪರಿಚಯವಿರುವ ಒಂದು ಮನೆ. ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಬಾರದ ಸ್ಥಿತಿ. ಹನ್ನೆರಡು ದಾಟಿದೆ, ಇನ್ನೂ ತಾನಾಗಿ ಕೂರಲಾರ. ತಾಯಿ ಬೀಡಿ ಕಟ್ಟುತ್ತಾರೆ. ತಡ್ಪೆಯನ್ನು, ಅಂದರೆ ಮೊರವನ್ನು ಮಡಿಲಿನಲ್ಲಿಟ್ಟು ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ ಸುರುಟಿ, ನೂಲು ಸುತ್ತುವ ಕೆಲಸ. ಕೂಲಿ ಸಾವಿರ ಬೀಡಿಗೆ ಇಷ್ಟೆಂದು. ಬೀಡಿಯ ಹುಡಿ ಮಗುವಿನ ಉಸಿರಿಗೆ ಒಳ್ಳೆಯದಲ್ಲವೆಂದು ಅವರಿಗೂ ಗೊತ್ತು. ಅಡಿಕೆ ಸುಲಿಯಲು ಹೋದರೆ, ಗೇರುಬೀಜದ ಕಾರ್ಖಾನೆಗೆ ಹೋದರೆ ಹೆಚ್ಚು ಸಿಗಬಹುದು. ಹೋಗುವುದು ಹೇಗೆ? ಮಗುವಿನ ಪಕ್ಕದಿಂದ ಏಳದೆ ಮಾಡಬಹುದಾದ ಕೆಲಸ ಇದೊಂದೇ. ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಮುಟ್ಟಿಸಿ ಬರುವ ಹೊತ್ತಿನಲ್ಲಿ ಮಾತ್ರ ಅವನು ಒಬ್ಬನೇ, ಬಾಗಿಲು ಎಳೆದುಕೊಂಡ ಮನೆಯೊಳಗೆ.

ಅವನಿಗೆ ಉಣಿಸುವುದನ್ನು ನೋಡಬೇಕು. ಕುಚ್ಚಲಕ್ಕಿ ಗಂಜಿಯ ತಿಳಿ ತೆಗೆದು, ಅಗುಳನ್ನು ಚೆನ್ನಾಗಿ ಹಿಚುಕಿ ದಪ್ಪಗೆ ಮಾಡುತ್ತಾರೆ. ತಿಳಿ ಬೇಗ ಜಾರುತ್ತದೆ, ನೆತ್ತಿಗೆ ಹತ್ತುತ್ತದೆ, ಉಸಿರಿನ ನಾಳಕ್ಕಿಳಿದರೆ ನ್ಯುಮೋನಿಯಾಕ್ಕೆ ದಾರಿ. ಎಡಗೈಯನ್ನು ಬೆನ್ನ ಹಿಂದಿನಿಂದ ತಂದು ಹೆಗಲನ್ನು ಹಿಡಿಯುತ್ತಾರೆ, ಗಲ್ಲ ತುಸು ಕೆಳಗೆ ಬರುವಂತೆ ನೋಡಿಕೊಳ್ಳುತ್ತಾರೆ. ತಲೆ ಹಿಂದಕ್ಕೆ ವಾಲಿದರೆ ಉಣಿಸುವುದು ಅಲ್ಲಿಗೇ ನಿಂತಿತು. ಚಿಕ್ಕ ಚಮಚ, ಅದೂ ಮುಕ್ಕಾಲು. ನುಂಗಿದನೆಂದು ಗಂಟಲು ನೋಡಿ ಖಚಿತವಾದ ಮೇಲೆ ಮುಂದಿನದು. ಒಂದು ಬಟ್ಟಲು ಗಂಜಿ ಮುಗಿಯಲು ಮುಕ್ಕಾಲು ಗಂಟೆ ಬೇಕು. ಆಮೇಲೂ ತಕ್ಷಣ ಮಲಗಿಸುವಂತಿಲ್ಲ, ಅರ್ಧ ಗಂಟೆ ಒರಗಿಸಿ ಕೂರಿಸಿಕೊಂಡಿರಬೇಕು. ದಿನಕ್ಕೆ ಮೂರು ಹೊತ್ತು ಇದು. ಯಾವ ಕಾಲೇಜಿನಲ್ಲೂ ಕಲಿಯದೆ ಆ ತಾಯಿ ಇಷ್ಟನ್ನೂ ತಾವೇ ಕಂಡುಕೊಂಡಿದ್ದಾರೆ. ಇಷ್ಟು ವಿದ್ಯೆ ಒಬ್ಬರ ಕೈಯಲ್ಲಿ ಮಾತ್ರ ಉಳಿದಿದೆಯಲ್ಲ, ನನ್ನ ಚಿಂತೆ ಅದರದ್ದು.

ಇದು ಇನ್ನೊಬ್ಬರು ಕಲಿಯಲಾಗದ ವಿದ್ಯೆಯಲ್ಲ. ಒಂದು ವಾರ ಜೊತೆಗೆ ಕೂತು ನೋಡಿದರೆ, ಇನ್ನೊಂದು ವಾರ ತಾಯಿಯ ಎದುರೇ ಉಣಿಸಿದರೆ, ಯಾರಿಗಾದರೂ ಬರುತ್ತದೆ. ಅಪಸ್ಮಾರದ್ದೂ ಹಾಗೆಯೇ. ಫಿಟ್ಸ್ ಬಂದ ಮಗುವಿನ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇನ್ನೂ ನಡೆಯುತ್ತಿದೆ. ಬಾಯಿಗೆ ಏನನ್ನೂ ಹಾಕಬಾರದು. ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮಡಚಿದ ಬಟ್ಟೆ ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ ಜೀಪೋ ರಿಕ್ಷಾವೋ ಸಿಕ್ಕಿದ್ದರಲ್ಲಿ ಆಸ್ಪತ್ರೆಗೆ. ಇಷ್ಟು ಗೊತ್ತಿರುವ ನೆರೆಮನೆಯವರಿದ್ದರೆ ಆ ತಾಯಿ ಬ್ರಾಂಚಿಗೆ ಹೋಗುವಾಗ ಓಡಬೇಕಾಗಿಲ್ಲ.

ಇನ್ನೊಂದು ಮಗು ಸ್ವಲೀನತೆಯದ್ದು, ಆಟಿಸಂ ಎನ್ನುತ್ತೇವಲ್ಲ. ಕೈಕಾಲು ಗಟ್ಟಿ, ಓಟ ಇನ್ನೂ ಗಟ್ಟಿ. ಅಡಿಕೆ ತೋಟದಲ್ಲಿ ನೀರು ಚಿಮ್ಮಿಸುವ ಜೆಟ್ ತಿರುಗುವಾಗ ಅವನು ಅದರ ಎದುರು ನಿಂತರೆ ನಿಂತೇಬಿಟ್ಟ. ನೀರಿನ ಸಾಲು ಬಾಳೆಲೆಗೆ ಬಡಿಯುವ ಸದ್ದಿಗೆ ಮೊದಲೇ ಕೈ ಎತ್ತುತ್ತಾನೆ, ಸರಿಯಾಗಿ ಅದೇ ಕ್ಷಣಕ್ಕೆ ಸದ್ದು ಬರುತ್ತದೆ. ಚೆಂಡೆಯ ಪೆಟ್ಟು ಕೇಳಿದರೆ ಕಿವಿ ಮುಚ್ಚಿ ಓಡುವ ಹುಡುಗ, ಜೆಟ್ಟಿನ ತಾಳವನ್ನು ಗಂಟೆಗಟ್ಟಲೆ ಕೇಳುತ್ತಾನೆ. ಅವನಿಗೆ ಬಹಳ ಇಷ್ಟದ ಜಾಗ ಗುಡ್ಡೆಯ ಸುರಂಗ. ನಮ್ಮ ಕಾಸರಗೋಡಿನ ಸುರಂಗಗಳು ನಿಮಗೆ ಗೊತ್ತೇ ಇವೆ, ನೀರಿಗಾಗಿ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಮಾಡಿದವು. ಒಳಗೆ ತಂಪು, ಕತ್ತಲೆ, ತೊಟ್ಟಿಕ್ಕುವ ನೀರು ಬಿಟ್ಟರೆ ಸದ್ದೇ ಇಲ್ಲ. ಜನರ ಗದ್ದಲ ತಾಳದಾದಾಗ ಅವನು ಅಲ್ಲಿಗೆ ಹೋಗಿ ಕೂರುತ್ತಾನೆ. ಅದರಲ್ಲಿ ಅವನ ಬುದ್ಧಿ ಇದೆ, ತನಗೆ ಏನು ಬೇಕೆಂದು ಅವನಿಗೆ ಗೊತ್ತು. ತಾಯಿಗೆ ಮಾತ್ರ ಪ್ರಾಣವೇ ಹೋದಂತೆ. ಒಳಗೆ ಮಣ್ಣು ಕುಸಿದರೆ? ಹಾವಿದ್ದರೆ? ದಾರಿಯಲ್ಲೇ ಕೆರೆ ಇದೆಯಲ್ಲ?

ಸ್ವಲೀನತೆಯ ಮಕ್ಕಳು ಹೇಳದೆ ಕೇಳದೆ ಹೊರಟುಹೋಗುವುದು ಸಾಮಾನ್ಯ. ಅವರಲ್ಲಿ ಅನೇಕರಿಗೆ ನೀರಿನ ಸೆಳೆತ ಜಾಸ್ತಿ, ಹಾಗೆ ಹೋದವರಿಗೆ ನೀರಿನಷ್ಟು ದೊಡ್ಡ ಅಪಾಯ ಇನ್ನೊಂದಿಲ್ಲ. ಅದು ಲೋಕದಲ್ಲೆಲ್ಲ ಕಂಡ ವಿಚಾರ. ತೋಟದ ಊರಾದ ನಮ್ಮಲ್ಲಿ ಕಟ್ಟೆಯಿಲ್ಲದ ಬಾವಿ, ಮದಕ, ಹೊಂಡ ಎಲ್ಲೆಲ್ಲೂ ಇವೆ. ಈ ಹುಡುಗನ ಮನೆಯ ಸುತ್ತ ಊರವರು ಮಾಡಿದ ಕೆಲಸ ನನಗೆ ಬಹಳ ಮೆಚ್ಚಿಗೆಯಾಯಿತು. ತೋಟದ ಯಜಮಾನರು ಬಾವಿಗೆ ಕಟ್ಟೆ ಕಟ್ಟಿಸಿ ಬಲೆ ಹಾಕಿಸಿದರು. ಸುರಂಗದ ಬಾಯಿಗೆ ಗೇಟು ಇಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಹುಡುಗ ಇರುವ ಒಂದು ಆಸರೆಯನ್ನೂ ಕಳೆದುಕೊಳ್ಳುತ್ತಿದ್ದ. ಮನೆಯ ಹಿಂದಿನ ಸೌದೆ ಕೊಟ್ಟಿಗೆಯ ಮೂಲೆಯನ್ನು ಖಾಲಿ ಮಾಡಿ, ಗೋಣಿ ಕಟ್ಟಿ ಕತ್ತಲೆ ಮಾಡಿ, ಒಂದು ಹಂಡೆಗೆ ನೀರು ತೊಟ್ಟಿಕ್ಕುವ ಹಾಗೆ ನಳ್ಳಿ ಬಿಟ್ಟರು. ಅದನ್ನು ಹೇಳಿಕೊಟ್ಟದ್ದು ಜೆಟ್ ತಿರುಗಿಸಲು ಬರುವ ಕೆಲಸದ ಅಣ್ಣ. ಹುಡುಗನ ಪಕ್ಕ ನಿಂತು ನಿಂತು ಅವನಿಗೆ ಹುಡುಗ ಅರ್ಥವಾಗಿದ್ದ. ನಾನು ಹೇಳಿದ ಎರಡನೆಯವರು ಅವನೇ. ಇಂಥವರು ಇರಬೇಕಾದದ್ದು ಆಸ್ಪತ್ರೆಯಲ್ಲಿ ಎಂದು ನಾವು ಕಾಯುತ್ತೇವೆ, ಅವರು ತೋಟದಲ್ಲೇ ಇರುತ್ತಾರೆ.

ಇನ್ನು ಮಾತಿನ ವಿಷಯ. ಇದು ಗಡಿನಾಡಿಗೇ ಹೆಚ್ಚು ತಟ್ಟುವ ತೊಂದರೆ. ಮನೆಯಲ್ಲಿ ತುಳು, ಇಲ್ಲವೇ ಹವ್ಯಕ ಕನ್ನಡ, ಮರಾಟಿ, ಕೊಂಕಣಿ, ಬ್ಯಾರಿ. ಶಾಲೆಯಲ್ಲಿ ಕನ್ನಡ. ಥೆರಪಿ ಕೊಡುವವರು ಹೆಚ್ಚಿನ ಕಡೆ ಮಲಯಾಳ ಮಾತ್ರ ಬಲ್ಲವರು. ಅನ್ನಕ್ಕೆ ಮನೆಯಲ್ಲಿ ತುಳುವಿನ ನುಪ್ಪು ಎಂಬ ಮಾತು ಕೇಳಿದ ಮಗು ಥೆರಪಿಯ ಕೋಣೆಯಲ್ಲಿ ಮಲಯಾಳದ ಚೋರಿನ ಚಿತ್ರ ತೋರಿಸಬೇಕು. ತೋರಿಸದಿದ್ದರೆ ಅದಕ್ಕೆ ತಿಳಿದಿಲ್ಲವೆಂದು ಬರೆದುಕೊಳ್ಳುತ್ತಾರೆ. ಆಮೇಲೆ ತಾಯಿಗೆ ಸಲಹೆ, "ಮನೆಯಲ್ಲಿ ಒಂದೇ ಭಾಷೆ ಮಾತಾಡಿ, ಮಲಯಾಳವೇ ಆದರೆ ಒಳ್ಳೆಯದು." ತನಗೇ ಸರಿಯಾಗಿ ಬಾರದ ಭಾಷೆಯಲ್ಲಿ ತಾಯಿ ಮಗುವನ್ನು ಮುದ್ದು ಮಾಡುವುದು ಹೇಗೆ? ಎರಡು ಮೂರು ಭಾಷೆ ಕಿವಿಗೆ ಬೀಳುವುದರಿಂದ ಸ್ವಲೀನತೆಯ ಮಕ್ಕಳಿಗಾಗಲಿ ಡೌನ್ ಸಿಂಡ್ರೋಮಿನ ಮಕ್ಕಳಿಗಾಗಲಿ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎಂಬುದಕ್ಕೆ ಆಧಾರವಿಲ್ಲ, ಈ ಬಗ್ಗೆ ನಡೆದ ಅಧ್ಯಯನಗಳು ಅದನ್ನೇ ಹೇಳುತ್ತವೆ. ಆ ತಾಯಂದಿರಿಗೆ ನಾನು ಹೇಳುವುದು ಇಷ್ಟು: ನಿಮಗೆ ಹೊಟ್ಟೆಯಿಂದ ಬರುವ ಭಾಷೆಯಲ್ಲೇ ಮಾತಾಡಿ. ಥೆರಪಿಯವರಿಗೆ ಒಂದು ಪಟ್ಟಿ ಬರೆದುಕೊಡಿ: ಮಗು ಏನನ್ನು ಏನೆಂದು ಕರೆಯುತ್ತದೆ, ಯಾವುದಕ್ಕೆ ಯಾವ ಕೈಸನ್ನೆ ಮಾಡುತ್ತದೆ ಎಂದು.

ಅರ್ಜಿಗಳ ಮಾತಿಗೂ ಇದೇ ಅನ್ವಯಿಸುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಮಲಯಾಳ ನಮೂನೆ ಓದಲಾರದೆ ಎಷ್ಟು ತಾಯಂದಿರು ಅರ್ಜಿಯನ್ನೇ ಹಾಕದೆ ಕೂತಿದ್ದಾರೆ! ಇಲ್ಲಿರುವ ಕಾಲೇಜು ಮಕ್ಕಳು ವಾರಕ್ಕೊಂದು ಸಂಜೆ ಗ್ರಂಥಾಲಯದಲ್ಲಿ ಕೂತು ಅರ್ಜಿ ತುಂಬಿಸಿಕೊಟ್ಟರೆ ದೊಡ್ಡ ಉಪಕಾರ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಮಾತು ತೆಗೆಯದೆ ನಮ್ಮ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಪಂಚಾಯತುಗಳ ಮಕ್ಕಳ ಬಗ್ಗೆ ಮಾತಾಡಲು ಸಾಧ್ಯವಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷ ಸುರಿಯಿತು. ನಮ್ಮ ಸುರಂಗ, ತೋಡು, ತೆರೆದ ಬಾವಿಗಳ ಮೇಲೂ ಬಿತ್ತು. ಪಡ್ರೆಯ ವೈದ್ಯ ಡಾ. ಮೋಹನ್ ಕುಮಾರ್ ಮೊದಲೇ ಎಚ್ಚರಿಸಿದರು, ಪತ್ರಕರ್ತ ಶ್ರೀಪಡ್ರೆ ಬರೆದರು, ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು 2011ರ ಮೇ 13ರಂದು ದೇಶದಲ್ಲೇ ಅದನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಲು ಹೇಳಿತು, ಅದು ಕೈಸೇರಲು ಅನೇಕರು ಎಷ್ಟೋ ವರ್ಷ ಕಾದರು. ಈ ಕಥೆ ನಿಮಗೆಲ್ಲ ಗೊತ್ತು.

ನಾನು ಹೇಳಬೇಕೆಂದಿರುವುದು ಪಟ್ಟಿಯ ಬಗ್ಗೆ. ಹನ್ನೊಂದು ಪಂಚಾಯತುಗಳನ್ನು ಬಾಧಿತವೆಂದು ಗುರುತಿಸಿದರು, ಶಿಬಿರ ನಡೆಸಿ ಪಟ್ಟಿ ಮಾಡಿದರು. ಪಂಚಾಯತಿನ ಗಡಿಯ ಈಚೆಯ ಮಗು ಪಟ್ಟಿಯಲ್ಲಿ, ಆಚೆಯದ್ದು ಹೊರಗೆ. ಒಂದೇ ಬಸ್ಸಿನಲ್ಲಿ ಮಗುವನ್ನು ಎತ್ತಿಕೊಂಡು ಹೋಗುವ ಇಬ್ಬರು ತಾಯಂದಿರ ನಡುವೆ ಆ ಪಟ್ಟಿ ಗೋಡೆ ಕಟ್ಟಿತು. ವಿಷ ಸುರಿದವರು ಹೊಣೆ ಹೊರಲೇಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಮಗುವಿನ ಕಾಯಿಲೆಯ ಕಾರಣ ಏನೇ ಇರಲಿ, ಅದಕ್ಕೆ ಉಣಿಸಲು ಬೇಕಾದ ಮುಕ್ಕಾಲು ಗಂಟೆ ಒಂದೇ. ನಮ್ಮ ನೆರವು ಪಟ್ಟಿ ನೋಡಿ ಹೋಗಬಾರದು.

ಗಡಿಯ ಪೆಟ್ಟು ಇನ್ನೊಂದು ಬಗೆಯಲ್ಲೂ ಬಿದ್ದಿದೆ. ನರರೋಗದ ವೈದ್ಯರನ್ನು ನೋಡಲು ನಾವು ಮಂಗಳೂರಿಗೇ ಹೋಗುವವರು. ಕೊರೋನಾ ಬಂದ 2020ರ ಮಾರ್ಚಿನಲ್ಲಿ ಕರ್ನಾಟಕದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಆಸ್ಪತ್ರೆಗೆ ತಲುಪಲಾಗದೆ ಹಲವರು ಜೀವ ಬಿಟ್ಟರು. ಫಿಟ್ಸಿನ ಮದ್ದು ಒಮ್ಮೆಲೇ ನಿಂತರೆ ಫಿಟ್ಸ್ ಇನ್ನೂ ಜೋರಾಗಿ ಮರುಕಳಿಸಬಹುದು. ಆಗ ಬೈಕಿನಲ್ಲಿ ಮದ್ದಿನ ಚೀಟಿ ಹಿಡಿದು ಊರೂರು ಸುತ್ತಿದ ಹುಡುಗರನ್ನು ನಾನು ಮರೆಯಲಾರೆ. ಒಂದು ತಿಂಗಳ ಮದ್ದು ಮನೆಯಲ್ಲಿ ಹೆಚ್ಚಿಗೆ ಇರಲಿ, ಚೀಟಿಯ ಪ್ರತಿ ಇನ್ನೊಬ್ಬರ ಮನೆಯಲ್ಲೂ ಇರಲಿ.

ಕೇರಳದಲ್ಲಿ ಕೆಲವು ಒಳ್ಳೆಯ ವ್ಯವಸ್ಥೆಗಳಿವೆ. ಹಾಸಿಗೆ ಹಿಡಿದವರ ಆರೈಕೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಇಂಥ ಮಕ್ಕಳಿಗೆಂದೇ ಬಡ್ಸ್ ಶಾಲೆಗಳಿವೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ. ಇಡೀ ತಿಂಗಳು ಹಗಲೂ ರಾತ್ರಿ ದುಡಿಯುವವಳಿಗೆ ಅದು ತೀರಾ ಕಡಿಮೆ, ಆದರೂ ಅದು ಅವಳ ಕೆಲಸವನ್ನು ಕೆಲಸವೆಂದು ಒಪ್ಪಿದ ಹಣ, ಬಿಡಬೇಡಿ.

ಕೊನೆಯದಾಗಿ ಕಾಗದದ ವಿಷಯ, ಇದನ್ನು ಗಮನವಿಟ್ಟು ಕೇಳಿ. ಮಗುವಿಗೆ 18 ತುಂಬಿದ ದಿನ ತಾಯಿ ಕಾನೂನಿನ ಕಣ್ಣಿಗೆ ಅದರ ಪೋಷಕಿಯಾಗಿ ಉಳಿಯುವುದಿಲ್ಲ. ಸ್ವಲೀನತೆ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾನೂನು ಇದೆ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿದರೆ ಪೋಷಕರನ್ನು ನೇಮಿಸುತ್ತಾರೆ. "ಗಂಡನ ಸಹಿ ಇಲ್ಲದೆ ಆಗುತ್ತದಾ?" ಎಂದು ಹಲವರು ಕೇಳುತ್ತಾರೆ. ಆಗುತ್ತದೆ. ಗಂಡ ತೀರಿಕೊಂಡಿದ್ದರೆ, ವಿಚ್ಛೇದನವಾಗಿದ್ದರೆ, ಬಿಟ್ಟುಹೋಗಿದ್ದರೆ ತಾಯಿ ಒಬ್ಬಳೇ ಅರ್ಜಿ ಹಾಕಬಹುದೆಂದು ನಿಯಮದಲ್ಲೇ ಇದೆ. ಸಂಬಂಧಿಕರೂ ಅರ್ಜಿ ಹಾಕಬಹುದು. ಪೋಷಕರಾದವರು ಆರು ತಿಂಗಳೊಳಗೆ ಆಸ್ತಿಯ ವಿವರ ಕೊಡಬೇಕು, ವರ್ಷವರ್ಷ ಲೆಕ್ಕ ಒಪ್ಪಿಸಬೇಕು, ಕಡೆಗಣಿಸಿದರೆ ಅವರನ್ನು ತೆಗೆಯಬಹುದು. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಕಾಗದ ಬೇಕೇ ಬೇಕು. ಆದರೆ ಕಾಗದದಲ್ಲಿ ಹೆಸರಿರುವ ಮನುಷ್ಯನಿಗೆ ಗಂಜಿ ಎಷ್ಟು ದಪ್ಪವಿರಬೇಕೆಂದು ಗೊತ್ತಿಲ್ಲದಿದ್ದರೆ ಮಗು ಉಳಿಯುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬರು, "ನೆರೆಮನೆಯ ಅಕ್ಕನಿಗೆ ಸಹಾಯ ಬೇಕಾ ಅಂತ ಕೇಳಿದರೆ ಬೇಡ ಅನ್ನುತ್ತಾರಲ್ಲ?" ಎಂದರು. ನಾನು ಹೇಳಿದೆ: ಬೇಡ ಎಂದೇ ಅನ್ನುತ್ತಾರೆ, ಅಷ್ಟು ಸಲ ಚುಚ್ಚುಮಾತು ಕೇಳಿಸಿಕೊಂಡಿದ್ದಾರೆ. ಸಹಾಯದ ಮಾತೆತ್ತಬೇಡಿ, ಮಗುವನ್ನು ಮಾತಾಡಿಸಲು ಹೋಗಿ. ವಾರದಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ ಹೋಗಿ, ತಪ್ಪಿಸಬೇಡಿ. ಈ ಮಕ್ಕಳಿಗೆ ಹೊತ್ತು ತಪ್ಪುವವರ ಮೇಲೆ ನಂಬಿಕೆ ಬರುವುದಿಲ್ಲ, ತಾಯಿಗೂ ಅಷ್ಟೇ. ಮೊದಲ ತಿಂಗಳು ಅವರ ಎದುರೇ ಕೂತಿರಿ. ಆಮೇಲೆ ಅವರೇ ಒಂದು ದಿನ, "ನೀವು ಇದ್ದೀರಲ್ಲ, ನಾನೊಮ್ಮೆ ಬ್ರಾಂಚಿಗೆ ಹೋಗಿ ಬರುತ್ತೇನೆ" ಎನ್ನುತ್ತಾರೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತಳು. ಡಿಗ್ರಿ ಓದುತ್ತಿದ್ದಾಳೆ, ತಮ್ಮನಿಗೆ ಬುದ್ಧಿಮಾಂದ್ಯ, ಅಪ್ಪ ಇಲ್ಲ. "ಅಮ್ಮನ ನಂತರ ನಾನೇ ಅಲ್ಲವಾ ಟೀಚರ್? ಎಲ್ಲರೂ ಹಾಗೇ ಹೇಳುತ್ತಾರೆ" ಎಂದಳು. ನಾನು ಹೇಳಿದೆ: ಎಲ್ಲರೂ ಹೇಳುತ್ತಾರೆಂದು ನೀನೇ ಆಗಬೇಕಾಗಿಲ್ಲ. ನೀನು ಓದಬೇಕು, ಕೆಲಸ ಹಿಡಿಯಬೇಕು, ಮನಸ್ಸಿದ್ದರೆ ಮದುವೆಯಾಗಬೇಕು. ನಿನಗೆ ತಮ್ಮನ ಮೇಲೆ ಪ್ರೀತಿ ಇದೆ, ಅದು ನಿನ್ನ ಮುಖದಲ್ಲೇ ಕಾಣುತ್ತದೆ. ನಿನ್ನನ್ನು ಕೇಳದೆ ಅರ್ಜಿಯಲ್ಲಿ ನಿನ್ನ ಹೆಸರು ಬರೆಯಬಾರದು, ಕೇಳಿದಾಗ ಈಗ ಆಗುವುದಿಲ್ಲ ಎನ್ನುವ ಹಕ್ಕು ನಿನಗಿದೆ. ಇಂಥದ್ದನ್ನು ಮಗಳ ಹತ್ತಿರ ಕೇಳಲು ಅಮ್ಮನಿಗೆ ಬಾಯಿ ಬರುವುದಿಲ್ಲ, ಹಾಗಾಗಿ ನೀನೇ ಮಾತು ತೆಗೆ. ಚಿಕ್ಕಮ್ಮ, ಮಾವ ಯಾರಾದರೂ ಹತ್ತಿರದಲ್ಲಿದ್ದರೆ ಅವರನ್ನೂ ಕರೆ, ನಾನೂ ಬರುತ್ತೇನೆ. ತಮ್ಮನನ್ನೂ ನಡುವಿನಲ್ಲೇ ಕೂರಿಸಿಕೊಳ್ಳೋಣ, ಅವನಿಗೆ ಯಾರ ಜೊತೆ ಇರಲು ಇಷ್ಟ ಎಂಬುದನ್ನು ಅವನು ಖಂಡಿತ ತೋರಿಸುತ್ತಾನೆ.